ಭರತ ಏರಿದ ಬೆಳಿಗ್ಗೆ

ಹಕ್ಕಿ ನೋಡುವವರ ನಡಿಗೆಗೆ ಹೊತ್ತು ಗೊತ್ತುಮಾಡುವವನು ಸಾಮಾನ್ಯವಾಗಿ ಸೂರ್ಯ. ಬೆಳಕು ಹರಿಯುವಾಗ ಹೊರಟು, ಬಿಸಿಲು ಚುರುಗುಟ್ಟುವ ಮೊದಲು ಮುಗಿಸಿ ತಿಂಡಿಗೆ ಮನೆ ಸೇರುವುದು ರೂಢಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣದ ಅಂಚಿನಲ್ಲಿರುವ ಪಾಲೊ ಆಲ್ಟೊ ಬೇಲ್ಯಾಂಡ್ಸ್‌ನ ಒಂದು ಚಳಿಗಾಲದ ನಡಿಗೆಗೆ ಮಾತ್ರ ಮುಹೂರ್ತ ಇಡುವವನು ಚಂದ್ರ. ಡಿಸೆಂಬರ್, ಜನವರಿಯ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಚಂದ್ರನೂ ಭೂಮಿಗೆ ಹತ್ತಿರ ಬಂದಿದ್ದರೆ ಆ ಕರಾವಳಿಯಲ್ಲಿ ವರ್ಷದ ಅತಿ ದೊಡ್ಡ ಭರತ ಏರುತ್ತದೆ. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೂ ಸಮೀಪದಲ್ಲಿರುವುದರಿಂದ ಸೆಳೆತಕ್ಕೆ ಇನ್ನಷ್ಟು ಬಲ. ಅಲ್ಲಿನ ಜನ ಇದನ್ನು ಕಿಂಗ್ ಟೈಡ್ ಎನ್ನುತ್ತಾರೆ. ಗೋಲ್ಡನ್ ಗೇಟ್ ಸೇತುವೆಯ ಬಳಿ ಏಳಡಿ ಏರುವ ನೀರು, ದಕ್ಷಿಣಕ್ಕೆ ನುಗ್ಗಿ ಕೊಲ್ಲಿಯ ಇಕ್ಕಟ್ಟಾದ ತುದಿಗೆ ಬರುವಷ್ಟರಲ್ಲಿ ಹತ್ತಡಿಯ ಹತ್ತಿರ ಹೋಗಿರುತ್ತದೆ. ಬಂದು ಮುಟ್ಟಲು ಕೊಂಚ ತಡವೂ ಆಗುತ್ತದೆ. ಹಾಗಾಗಿ ನಡಿಗೆಯ ಪ್ರಕಟಣೆಯಲ್ಲಿ ಬೆಳಗಿನ ಜಾವದ ಮಾತೇ ಇರಲಿಲ್ಲ. ಒಂಬತ್ತಕ್ಕೆ ಬನ್ನಿ, ನೀರು ತುದಿ ಮುಟ್ಟುವುದು ಹನ್ನೊಂದರ ಸುಮಾರಿಗೆ, ಬೆಚ್ಚಗಿನ ಬಟ್ಟೆ ಇರಲಿ, ನಾಯಿ ಬೇಡ ಎಂದಿತ್ತು.

ಇಷ್ಟೆಲ್ಲ ಏರ್ಪಾಟು ಒಂದು ಹಕ್ಕಿಯ ಸಲುವಾಗಿ. ರಿಜ್ವೇಸ್ ರೇಲ್ ಎಂದು ಅದರ ಹೆಸರು. ನಮ್ಮ ಕೆರೆ ಗದ್ದೆಗಳ ಹುಂಡುಕೋಳಿಯ ಬಳಗದ್ದು, ಗಾತ್ರದಲ್ಲಿ ಊರುಕೋಳಿಯಷ್ಟು. ಜಗತ್ತಿನಲ್ಲಿ ಇದರ ಇಲ್ಲಿನ ಉಪಜಾತಿ ಇರುವುದು ಈ ಒಂದು ಕೊಲ್ಲಿಯ ಉಪ್ಪುಜವುಗಿನಲ್ಲಿ ಮಾತ್ರ. 1970ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ಜವುಗಿನ ಗಿಡಗಳ ಬುಡದಲ್ಲೇ ಓಡಾಡಿ, ಅಲ್ಲೇ ಉಂಡು, ಅಲ್ಲೇ ಮರಿ ಮಾಡುವ ಇದನ್ನು ವರ್ಷದ ಬೇರೆ ದಿನಗಳಲ್ಲಿ ಕೇಳಬಹುದು, ಕಾಣುವುದು ಕಷ್ಟ.

ಭಾವ ಫಾಸ್ಟರ್ ಸಿಟಿಯಲ್ಲಿ ಮನೆ ಮಾಡಿ ಬಹಳ ವರ್ಷವಾಯಿತು. ಬೇಲ್ಯಾಂಡ್ಸ್ ಅವರ ಮನೆಯಿಂದ ಅರ್ಧ ತಾಸಿನ ದಾರಿಯೂ ಅಲ್ಲ. ಒಮ್ಮೆಯೂ ಹೋದವರಲ್ಲ. ಕಾರು 101ನೇ ಹೆದ್ದಾರಿ ಹಿಡಿದ ಮೇಲೆ, “ಕೋಳಿ ನೋಡಲಿಕ್ಕೆ ಕುಮಟೆಯಿಂದ ಇಲ್ಲಿಯವರೆಗೆ ಬರಬೇಕಿತ್ತಾ ಮಾರಾಯ?” ಎಂದರು.

“ನೀವು ಬರುವುದು ಬೇಡ ಅಂದಿದ್ದರೆ ಅಕ್ಕ ಬಿಡುತ್ತಿದ್ದಳಲ್ಲ ಭಾವ.”

“ಅವಳು ಬಿಟ್ಟಿದ್ದರೆ ಸಂತೆಗೆ ಕಳಿಸುತ್ತಿದ್ದಳು. ಅದಕ್ಕಿಂತ ಕೋಳಿ ಅಡ್ಡಿಲ್ಲ.”

ಬೇಲ್ಯಾಂಡ್ಸ್‌ನ ನೆರೆಹೊರೆ ಹಕ್ಕಿಧಾಮವೊಂದಕ್ಕೆ ಯಾರೂ ಬಯಸುವಂಥದಲ್ಲ. ಒಂದು ಪಕ್ಕದಲ್ಲಿ ಪುಟ್ಟ ವಿಮಾನಗಳ ನಿಲ್ದಾಣ, ಇನ್ನೊಂದು ಪಕ್ಕದಲ್ಲಿ ಹಲವು ಊರುಗಳ ಕೊಳಚೆ ನೀರು ಶುದ್ಧಿ ಮಾಡುವ ಘಟಕ. ಅದರಾಚೆ ಹುಲ್ಲು ಹೊದ್ದ ಚೆಂದದ ಗುಡ್ಡವೊಂದಿದೆ. ಅದು 2011ರಲ್ಲಿ ಮುಚ್ಚಿದ ನಗರದ ಕಸದ ರಾಶಿ. ಜವುಗಿನ ನಡುವೆಯೇ ವಿದ್ಯುತ್ ಗೋಪುರಗಳು ಸಾಲಾಗಿ ನಿಂತಿವೆ. ಊರಿಗೆ ಬೇಡದ್ದನ್ನೆಲ್ಲ ತಂದು ಸುರಿಯುವ ಜಾಗ ಕೊಲ್ಲಿಯ ಅಂಚು ಎಂಬ ಕಾಲವಿತ್ತು. 1959ರಲ್ಲಿ ಓಕ್ಲೆಂಡಿನ ಪತ್ರಿಕೆಯೊಂದು ಸೇನೆಯ ಎಂಜಿನಿಯರುಗಳ ನಕ್ಷೆ ಅಚ್ಚುಹಾಕಿತು. ಈ ವೇಗದಲ್ಲಿ ಮಣ್ಣು ತುಂಬುತ್ತ ಹೋದರೆ 2020ರ ಹೊತ್ತಿಗೆ ಕೊಲ್ಲಿ ಹೊಳೆಯಷ್ಟೇ ಉಳಿಯುತ್ತದೆ ಎಂದು ಅದರಲ್ಲಿ ಕಾಣುತ್ತಿತ್ತು. ಅದನ್ನು ನೋಡಿ ಬರ್ಕ್ಲಿಯ ಮೂವರು ಗೃಹಿಣಿಯರು, ಕೇ ಕೆರ್, ಸಿಲ್ವಿಯಾ ಮೆಕ್‌ಲಾಫ್ಲಿನ್, ಎಸ್ತರ್ ಗುಲಿಕ್, 1961ರಲ್ಲಿ ಕೊಲ್ಲಿ ಉಳಿಸುವ ಸಂಘ ಕಟ್ಟಿದರು. ನಾಲ್ಕೇ ವರ್ಷದಲ್ಲಿ ಮಣ್ಣು ತುಂಬುವುದಕ್ಕೆ ಕಡಿವಾಣ ಹಾಕುವ ಆಯೋಗವೊಂದು ಬಂತು. ಪಾಲೊ ಆಲ್ಟೊದಲ್ಲಿ ಅದೇ ಕಾಲಕ್ಕೆ ಲೂಸಿ ಇವಾನ್ಸ್ ಎಂಬಾಕೆ ಬೇಲ್ಯಾಂಡ್ಸ್‌ಗಾಗಿ ಹೋರಾಡಿದರು. ಜವುಗಿನ ಅಂಚಿನಲ್ಲಿ ಕಂಬಗಳ ಮೇಲೆ ನಿಂತಿರುವ ನಿಸರ್ಗ ಕೇಂದ್ರಕ್ಕೆ ಅವರದೇ ಹೆಸರು. ಇಂದು ಇಲ್ಲಿ 1,940 ಎಕರೆ ನಗರಸಭೆಯ ರಕ್ಷಣೆಯಲ್ಲಿದೆ.

ಬಾತುಕೊಳದ ಪಕ್ಕದಲ್ಲಿ ಜನ ಸೇರಿದ್ದರು. ಈ ಕೊಳವೂ ಹುಟ್ಟಿನಿಂದ ಕೊಳವಲ್ಲ, 1930ರ ದಶಕದಲ್ಲಿ ಜನ ಈಜಲೆಂದು ಮಾಡಿದ ಉಪ್ಪುನೀರಿನ ಈಜುಕೊಳ. ಬಾತುಗಳು ಬಂದು ಇಳಿದವು, ಈಜುವವರು ಬಿಟ್ಟುಕೊಟ್ಟರು. ಮಾರ್ಗದರ್ಶಿ ಎಪ್ಪತ್ತರ ಹತ್ತಿರದ ಹೆಂಗಸು, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹೆಗಲ ಮೇಲೆ ಮುಕ್ಕಾಲಿಯ ಸಮೇತ ದೂರದರ್ಶಕ ಹೊತ್ತುಕೊಂಡೇ ಎಲ್ಲರಿಗಿಂತ ಬೇಗ ನಡೆಯುತ್ತಿದ್ದರು. ಹೊರಡುವ ಮೊದಲು ಮೂರು ಮಾತು ಹೇಳಿದರು. ದಾರಿ ಬಿಟ್ಟು ಗಿಡಗಳ ಮೇಲೆ ಕಾಲಿಡಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಬಾರಿಸಬೇಡಿ. ಹಕ್ಕಿ ನಿಮ್ಮ ಕಡೆಗೇ ಈಜಿ ಬಂದರೆ ನೀವು ಹಿಂದೆ ಸರಿಯಿರಿ, ಅದಕ್ಕೆ ಬೇರೆ ಕಡೆ ಹೋಗಲು ಜಾಗವಿಲ್ಲ. ಮೂರನೆಯದನ್ನು ಹೇಳುವಾಗ ದನಿ ಸ್ವಲ್ಪ ಗಡುಸಾಯಿತು.

ಆರಂಭದ ಅರ್ಧ ತಾಸು ಹಬ್ಬ. ನೀರು ಏರುತ್ತಿದ್ದಂತೆ ಹೊರಗಿನ ಕೆಸರು ಬಯಲೆಲ್ಲ ಮುಳುಗಿ, ಅಲ್ಲಿ ಮೇಯುತ್ತಿದ್ದ ಗೊರವಗಳು ತಂಡ ತಂಡವಾಗಿ ಒಳಗಿನ ದಿಬ್ಬಗಳಿಗೆ ಬರುತ್ತಿದ್ದವು. ಸಾವಿರಾರು ರೆಕ್ಕೆ ಒಟ್ಟಿಗೆ ತಿರುಗಿದಾಗ ಆಕಾಶದ ಒಂದು ತುಂಡು ಬೆಳ್ಳಗಾಗಿ ಮತ್ತೆ ಕಪ್ಪಾಗುತ್ತಿತ್ತು. ಅವೋಸೆಟ್‌ಗಳು ಒಂದೇ ಕಾಲಲ್ಲಿ ಗಾಳಿಗೆ ಮುಖಮಾಡಿ ಸಾಲಾಗಿ ನಿಂತಿದ್ದವು. ಮೇಲಕ್ಕೆ ಬಾಗಿದ ಅವುಗಳ ಕೊಕ್ಕು ನೋಡಿ ಭಾವ, “ಇದನ್ನು ಯಾರೋ ಉಲ್ಟಾ ಹಚ್ಚಿಬಿಟ್ಟಿದ್ದಾರೆ” ಎಂದರು. ಬೇಸಗೆಯಲ್ಲಿ ಇವುಗಳ ಕತ್ತು ಕಂದು ಕೇಸರಿ, ಚಳಿಗಾಲದಲ್ಲಿ ಬರೀ ಬೂದು ಬಿಳಿ. ಹಳೆಯ ದೋಣಿ ಬಂದರಿನ ನೀರಲ್ಲಿ ಶೊವೆಲರ್ ಬಾತುಗಳು ಗುಂಪಾಗಿ ಗಾಣದೆತ್ತಿನಂತೆ ಸುತ್ತು ಹಾಕುತ್ತ, ಕಲಕಿದ ನೀರನ್ನು ಅಗಲ ಕೊಕ್ಕಿನಿಂದ ಸೋಸುತ್ತಿದ್ದವು. ಹಳೆಯ ಬಂದರು ಎಂದೆನಲ್ಲ, ಅದರಲ್ಲಿ 1980ರ ದಶಕದವರೆಗೂ ಶ್ರೀಮಂತರ ಹಾಯಿದೋಣಿಗಳು ನಿಲ್ಲುತ್ತಿದ್ದವು. ಹೂಳೆತ್ತುವುದನ್ನು ನಿಲ್ಲಿಸಿದ್ದೇ ತಡ, ಭರತ ಹೊತ್ತು ತಂದ ಮಣ್ಣು ತುಂಬುತ್ತ ಬಂತು, ಗಿಡ ಬಂತು, ಹಕ್ಕಿ ಬಂದವು. ಯಾರೂ ನೆಟ್ಟಿದ್ದಲ್ಲ, ಯಾರೂ ತಂದುಬಿಟ್ಟಿದ್ದಲ್ಲ.

ದೊಡ್ಡ ಬಿಳಿ ಹೆಜ್ಜಾರ್ಲೆಗಳು ನಮ್ಮ ರಂಗನತಿಟ್ಟಿನಲ್ಲಿ ಕಾಣುವವುಗಳ ದಾಯಾದಿಗಳು. ಬೆಳ್ಳಕ್ಕಿ ಮಾತ್ರ ದಾಯಾದಿಯೂ ಅಲ್ಲ, ನಮ್ಮ ಅಘನಾಶಿನಿ ದಂಡೆಯಲ್ಲಿ ನಿಲ್ಲುವ ಅದೇ ದೊಡ್ಡ ಬೆಳ್ಳಕ್ಕಿ. ಪರವೂರಿನಲ್ಲಿ ನೆಂಟರ ಮುಖ ಕಂಡ ಹಾಗಾಯಿತು. ಆಮೇಲೆ ಆ ನೆಂಟನ ಇನ್ನೊಂದು ಮುಖವೂ ಕಂಡಿತು, ಅದನ್ನು ಮುಂದೆ ಹೇಳುತ್ತೇನೆ.

ನಿಸರ್ಗ ಕೇಂದ್ರದ ಹಿಂದಿನಿಂದ ಕೊಲ್ಲಿಯ ಕಡೆಗೆ ಜವುಗಿನ ಮೇಲೆ ಹಾಯುವ ಹಲಗೆದಾರಿಯಿದೆ. ಅಲ್ಲಿ ನಿಂತರೆ ಎರಡೂ ಕಡೆ ಮೊಣಕಾಲೆತ್ತರದ ಪಿಕಲ್‌ವೀಡ್. ಎಲೆಯೇ ಇಲ್ಲದ, ಗೆಣ್ಣು ಗೆಣ್ಣಾಗಿ ಉಬ್ಬಿದ ರಸಭರಿತ ಕಾಂಡದ ಗಿಡ. ಉಪ್ಪುನೀರು ಕುಡಿದೇ ಬದುಕುವ ಇದು ಒಳಗೆ ಬಂದ ಉಪ್ಪನ್ನು ತುದಿಯ ಗೆಣ್ಣುಗಳಿಗೆ ಸಾಗಿಸುತ್ತದೆ. ಅಲ್ಲಿ ಉಪ್ಪು ತುಂಬಿ ಗೆಣ್ಣು ಕೆಂಪಾಗಿ ಒಣಗಿ ಉದುರಿಹೋಗುತ್ತದೆ. ಚಳಿಗಾಲಕ್ಕೆ ಜವುಗೆಲ್ಲ ತುಕ್ಕು ಹಿಡಿದ ಬಣ್ಣಕ್ಕೆ ತಿರುಗಿರುವುದು ಈ ಕಾರಣಕ್ಕೆ. ಮಾರ್ಗದರ್ಶಿಯ ಚೀಲದಲ್ಲಿ ತಮ್ಮ ಹಿತ್ತಿಲ ಕುಂಡದಲ್ಲಿ ಬೆಳೆದ ಒಂದು ಚೂರಿತ್ತು. ಕೊಟ್ಟಿದ್ದನ್ನು ಕಚ್ಚಿ ನೋಡಿದೆ. ಮಿಡಿಮಾವಿನ ಭರಣಿಯ ಉಪ್ಪುನೀರು ನಾಲಗೆಗೆ ತಾಗಿದಂತೆ, ಹಿಂದಿನಿಂದ ಸಣ್ಣಗೆ ಹಸಿ ಹುಲ್ಲಿನ ವಾಸನೆ.

ಹತ್ತೂವರೆಯ ಹೊತ್ತಿಗೆ ಹಬ್ಬದ ಬಣ್ಣ ಬದಲಾಯಿತು. ನೀರು ಏರುವುದು ಕಾಣುವುದಿಲ್ಲ, ಏರಿದ್ದು ಮಾತ್ರ ಕಾಣುತ್ತದೆ. ಕಾಲುವೆಗಳಲ್ಲಿ ಮಾತ್ರ ಇದ್ದ ನೀರು ಗಿಡಗಳ ಬುಡಕ್ಕೆ ಬಂದಿತ್ತು. ನೋಡನೋಡುತ್ತ ಬುಡ ಹೋಗಿ ನಡು, ನಡು ಹೋಗಿ ತಲೆ. ಸ್ವಲ್ಪ ಹೊತ್ತಿಗೆ ಜವುಗು ಅಲ್ಲಲ್ಲಿ ಕೆಂಪು ತುದಿಗಳು ಎದ್ದು ನಿಂತ ಕೆರೆಯಾಯಿತು. ಹಲಗೆಗಳ ಸಂದಿನಲ್ಲಿ ನೀರು ಲೊಚಗುಡುವುದು ಕೇಳತೊಡಗಿತು. ಆಗ ಎಡಗಡೆ, ಇಪ್ಪತ್ತಡಿ ದೂರದಲ್ಲಿ, ತೇಲುತ್ತಿದ್ದ ಒಣಕಡ್ಡಿಗಳ ಕೊಳೆಯ ಮೇಲೆ ಏನೋ ಅಲುಗಿತು. ಮಾರ್ಗದರ್ಶಿ ಕೈ ಎತ್ತಲಿಲ್ಲ, ಗದ್ದದಿಂದ ತೋರಿಸಿದರು.

ರೇಲ್ ಅಲ್ಲಿ ಕುಳಿತಿತ್ತು. ಕುಳಿತಿತ್ತು ಎನ್ನುವುದಕ್ಕಿಂತ ಮೈಯನ್ನು ಕಡ್ಡಿಗಳಿಗೆ ಒತ್ತಿಕೊಂಡಿತ್ತು. ಉದ್ದನೆಯ, ತುದಿಯಲ್ಲಿ ತುಸು ಕೆಳಬಾಗಿದ ಕೊಕ್ಕು, ಅದರ ಬುಡ ಕಿತ್ತಳೆ. ಎದೆ ದಾಲ್ಚಿನ್ನಿ ಬಣ್ಣ, ಬೆನ್ನ ಮೇಲೆ ಬೂದು ಕಂದಿನ ಗೀರು, ಪಕ್ಕೆಗಳಲ್ಲಿ ಬಿಳಿ ಪಟ್ಟೆ. ಮೈ ಎರಡು ಕಡೆಯಿಂದ ಒತ್ತಿದಷ್ಟು ತೆಳು. ಗಿಡಗಳ ಕಾಂಡಗಳ ನಡುವೆ ತೂರಲು ಅನುಕೂಲವಾದ ಮೈ, ಈಗ ತೂರಲು ಕಾಂಡಗಳಿಲ್ಲ. ಕಣ್ಣು ಮುಚ್ಚದೆ, ಕತ್ತು ತಿರುಗಿಸದೆ ಒಂದೇ ಸಮ ನಮ್ಮನ್ನು ನೋಡುತ್ತಿತ್ತು. ನೀರು ಕಡ್ಡಿಗಳ ಮೇಲೂ ಹತ್ತಿದಾಗ ಬಾಲವನ್ನು ಒಮ್ಮೆ ಎತ್ತಿತು, ಕೆಳಗಿನ ಬಿಳಿ ಹೊಳೆಯಿತು, ನೀರಿಗಿಳಿದು ಕತ್ತು ಮುಂದೆ ಚಾಚಿ ಈಜತೊಡಗಿತು. ಈಜು ಬರುತ್ತದೆ, ಆದರೆ ಬಾತುವಿನ ಸುಖದ ಈಜಲ್ಲ. ಹದಿನೈದಡಿ ದೂರದ ಇನ್ನೊಂದು ಗಿಡದ ತಲೆ ಹಿಡಿದು, ಅದರ ಹಿಂದೆ ಅರ್ಧ ಮರೆಯಾಗಿ ನಿಂತಿತು. ಕ್ಯಾಮೆರಾಗಳು ಸರಸರ ಸದ್ದು ಮಾಡಿದವು. ನನ್ನ ಪಕ್ಕದಲ್ಲಿದ್ದ ಹುಡುಗನೊಬ್ಬ ವರ್ಷಗಳಿಂದ ಕಾದಿದ್ದೆ ಎಂದು ಕಣ್ಣೊರೆಸಿಕೊಂಡ.

ನಿಜ ಹೇಳಬೇಕೆಂದರೆ ನನಗೂ ಆ ಕ್ಷಣಕ್ಕೆ ಸಂತೋಷವೇ ಆಯಿತು. ಅದರ ಬೆನ್ನಿಗೇ ಬೆಳ್ಳಕ್ಕಿಯ ಸಂಗತಿ ನಡೆಯಿತು.

ಊರಲ್ಲಿ ನಾನು ಕಂಡ ಬೆಳ್ಳಕ್ಕಿ ಮೀನು ಕಾಯುವ ಹಕ್ಕಿ. ಇಲ್ಲಿ ಆರೆಂಟು ಬೆಳ್ಳಕ್ಕಿಗಳು, ಎರಡು ನೀಲಿಬೂದು ಬಕಗಳು ನೀರಿನ ಅಂಚಿನಲ್ಲಿ ನಿಂತಿದ್ದವು, ಆದರೆ ನೋಟ ನೀರಿನೊಳಗಿರಲಿಲ್ಲ. ಮುಳುಗದೆ ಉಳಿದ ಗಿಡದ ತುದಿಗಳ ಮೇಲಿತ್ತು. ಒಂದು ಬೆಳ್ಳಕ್ಕಿ ಹೆಜ್ಜೆ ಎಣಿಸಿದಂತೆ ನಡೆದು ಬಂದು ಕೊಕ್ಕು ಬೀಸಿತು. ಕೊಕ್ಕಿನಲ್ಲಿ ಕಂದು ಬಣ್ಣದ ಇಲಿ. ಒಮ್ಮೆ ನೀರಿಗೆ ಅದ್ದಿ, ತಲೆ ಮುಂದಾಗುವಂತೆ ಹೊರಳಿಸಿ, ನುಂಗಿತು. ಇಲಿ ಇಳಿದು ಹೋದ ಗುರುತು ಉದ್ದ ಕತ್ತಿನಲ್ಲಿ ಉಬ್ಬಾಗಿ ಕೆಳಗೆ ಜಾರುವುದು ಕಂಡಿತು. ಐದು ನಿಮಿಷ ಕಳೆಯುವುದರೊಳಗೆ ಇನ್ನೊಂದು. ಗಿಡ ಮುಳುಗಿದಾಗ ಹುಲ್ಲಿಲಿಗಳು ತುದಿ ಹತ್ತುತ್ತವೆ, ಹತ್ತಿದ್ದನ್ನು ಬೆಳ್ಳಕ್ಕಿ ಆರಿಸಿಕೊಳ್ಳುತ್ತದೆ. ಮೇಲೆ ಸೆಳೆವವೊಂದು ರೆಕ್ಕೆ ಚಾಚಿ ತಗ್ಗಿನಲ್ಲಿ ತೇಲುತ್ತ ಅದೇ ಕೆಲಸದಲ್ಲಿತ್ತು. ಗಲ್ ಹಕ್ಕಿಗಳು ಕೂಡ ಬಂದಿದ್ದವು. ಈ ಇಲಿಗಳ ನಡುವೆ ಉಪ್ಪುಜವುಗಿನ ಸುಗ್ಗಿಯಿಲಿಯೂ ಇರಬಹುದು ಎಂದರು ಮಾರ್ಗದರ್ಶಿ. ಹೆಬ್ಬೆರಳಷ್ಟು ಮೈ, ಉಪ್ಪುನೀರು ಕುಡಿದು ಜೀರ್ಣಿಸಿಕೊಳ್ಳಬಲ್ಲದು, ಈಜಬಲ್ಲದು, ರೇಲ್‌ನಂತೆ ಈ ಕೊಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಅದೂ 1970ರ ಪಟ್ಟಿಯದೇ.

“ಅಂದರೆ ನಾವು ಹಕ್ಕಿ ನೋಡಲಿಕ್ಕೆ ಬಂದಿದ್ದಲ್ಲ, ಅದರ ಮನೆಗೆ ನೆರೆ ನುಗ್ಗಿದ್ದನ್ನು ನೋಡಲಿಕ್ಕೆ ಬಂದಿದ್ದು” ಎಂದರು ಭಾವ ಕನ್ನಡದಲ್ಲಿ. ಮಾರ್ಗದರ್ಶಿ ಏನೆಂದು ಕೇಳಿದರು. ಭಾವ ಸಂಕೋಚದಿಂದ ಇಂಗ್ಲಿಷಿನಲ್ಲಿ ಹೇಳಿದರು. ಆಕೆ ಬೇಸರಿಸಲಿಲ್ಲ. “ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಹೇಳದೆ ಹೋದ ವರ್ಷ ನನಗೆ ಚಿಂತೆಯಾಗುತ್ತದೆ” ಎಂದರು.

ಆದರೆ ಭರತ ಹೊಸತಲ್ಲ. ರೇಲ್ ಹುಟ್ಟಿದ್ದೇ ಭರತ ಇಳಿತದ ನಡುವೆ. ಹಾಗಾದರೆ ಹಿಂದೆ ಏನು ಮಾಡುತ್ತಿತ್ತು? ಉತ್ತರ ನಮ್ಮ ಬೆನ್ನ ಹಿಂದೆಯೇ ಇತ್ತು. ಹಿಂದೆ ಜವುಗಿನ ಒಳ ಅಂಚು ಮೆಲ್ಲಗೆ ಏರುತ್ತ, ಉಪ್ಪಿನ ಗಿಡ ಮುಗಿದು ಹುಲ್ಲು, ಹುಲ್ಲು ಮುಗಿದು ಪೊದೆ, ಹೀಗೆ ಸಾಗಿ ಗುಡ್ಡದ ಬುಡ ಸೇರುತ್ತಿತ್ತು. ನೀರು ಏರಿದಷ್ಟೂ ಹಕ್ಕಿ ಹಿಂದೆ ಸರಿಯುತ್ತಿತ್ತು, ಪ್ರತಿ ಹೆಜ್ಜೆಗೂ ಮರೆ ಇರುತ್ತಿತ್ತು. ಈಗ ಜವುಗಿನ ಅಂಚಿನಲ್ಲಿ ಕಡಿದಾದ ಕಟ್ಟೆ, ಕಟ್ಟೆಯ ಮೇಲೆ ನಡೆದಾಡುವ ದಾರಿ, ಅದರಾಚೆ ವಿಮಾನ ನಿಲ್ದಾಣ, ರಸ್ತೆ, ಕಚೇರಿಗಳು. ಕೊಲ್ಲಿಯ ಸುತ್ತ ಮೊದಲು ಒಂದು ಲಕ್ಷ ತೊಂಬತ್ತು ಸಾವಿರ ಎಕರೆಯಷ್ಟಿದ್ದ ಭರತದ ಜವುಗು ಇಪ್ಪತ್ತನೆಯ ಶತಮಾನದ ಕೊನೆಗೆ ನಲವತ್ತು ಸಾವಿರಕ್ಕೆ ಇಳಿದಿತ್ತು. ಉಳಿದದ್ದರಲ್ಲೂ ನೀರು ನಿಲ್ಲುವ ತಗ್ಗು ಉಳಿಯಿತು, ಓಡಿಹೋಗುವ ದಿಬ್ಬ ಹೋಯಿತು.

ದಕ್ಷಿಣ ಕೊಲ್ಲಿಯ ಕಟ್ಟೆಗಳ ಬಹುಪಾಲು ಕಟ್ಟಿಸಿದ್ದು ಉಪ್ಪು. 1850ರ ದಶಕದಿಂದ ಇಲ್ಲಿ ಉಪ್ಪಿನ ಆಗರಗಳಿದ್ದವು. ಈಗಲೂ ವಿಮಾನದಿಂದ ನೋಡಿದರೆ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಕೆಂಪು, ಕಿತ್ತಳೆ, ಹಸಿರು ಚೌಕಗಳು ಕಾಣುತ್ತವೆ. ನೀರು ಎಷ್ಟು ಉಪ್ಪಾಗಿದೆಯೋ ಅದಕ್ಕೆ ತಕ್ಕ ಪಾಚಿ, ಸೂಕ್ಷ್ಮಜೀವಿ, ಅದಕ್ಕೆ ತಕ್ಕ ಬಣ್ಣ. 2003ರಲ್ಲಿ ಕಾರ್ಗಿಲ್ ಕಂಪನಿಯಿಂದ ಸರ್ಕಾರ ಮತ್ತು ಕೆಲವು ದತ್ತಿಗಳು ಹತ್ತು ಕೋಟಿ ಡಾಲರ್ ಕೊಟ್ಟು 16,500 ಎಕರೆ ಆಗರ ಕೊಂಡುಕೊಂಡವು. ಅದರಲ್ಲಿ ದಕ್ಷಿಣ ಕೊಲ್ಲಿಯದೇ 15,100. ಕಟ್ಟೆ ಒಡೆದು ಭರತವನ್ನು ಒಳಗೆ ಬಿಡುವ ಕೆಲಸ ಇಂದಿಗೂ ನಡೆಯುತ್ತಿದೆ.

ಉಪ್ಪಿನ ಮಾತು ಬಂದಾಗ ನನಗೆ ನಮ್ಮ ಕುಮಟೆ ಕಡೆಯ ಸಾಣಿಕಟ್ಟಾ ಆಗರ ನೆನಪಾಗದೆ ಇರುತ್ತದೆಯೆ? ನಮ್ಮಲ್ಲಿಯೂ ಹೊಳೆಯ ಬಾಯಿಗೆ ಕಟ್ಟೆ ಹಾಕಿದವರೇ ನಾವು. ಆಗರಕ್ಕೆ ಹಾಕಿದೆವು, ಗಜನಿ ಗದ್ದೆಗೆ ಹಾಕಿದೆವು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಬಾಗಿಲು ತೆಗೆದು ಭರತದ ನೀರು ಬಿಟ್ಟು ಸಿಗಡಿ, ಮೀನು. ಹಳೆಯ ಕಟ್ಟೆ ಮಣ್ಣಿನದು, ಮೊಣಕಾಲು ಸೊಂಟದೆತ್ತರ, ಮೇಲೆ ಹುಲ್ಲು. ನೀರು ಬಂದರೆ ಹುಂಡುಕೋಳಿ ಹತ್ತಿ ಆಚೆ ಇಳಿದುಹೋಗುತ್ತದೆ. ಆದರೆ ಅದನ್ನು ಹೇಳಿಕೊಂಡು ಬೀಗುವಂಥದೇನೂ ಉಳಿದಿಲ್ಲ. ಕಗ್ಗ ಬೆಳೆಯುವವರು ಕಡಿಮೆಯಾದರು, ವರ್ಷಪೂರ್ತಿ ಸಿಗಡಿ ಹೊಂಡ ಮಾಡಿದವರು ಹೆಚ್ಚಾದರು, ಒಡೆದ ಕಟ್ಟೆ ಕಟ್ಟುವವರಿಲ್ಲದೆ ಹಾಗೇ ಬಿದ್ದಿವೆ. ಹೊಳೆಯ ಬಾಯಿಯ ತದಡಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಬಂದಾಗ ಜನ ಎದ್ದು ನಿಂತರು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ದೊಡ್ಡದೇ. ಆದರೆ ಬೇಲ್ಯಾಂಡ್ಸ್ ನೋಡಿದ ಮೇಲೆ ನನಗೆ ಅನ್ನಿಸುವುದು, ಗಡಿ ಎಳೆಯುವಾಗ ನೀರು ಇರುವ ಜಾಗವನ್ನಷ್ಟೇ ಅಳೆದರೆ ಸಾಲದು, ನೀರು ಏರಿದ ದಿನ ಜೀವಗಳು ಎಲ್ಲಿಗೆ ಹೋಗುತ್ತವೋ ಆ ಜಾಗವೂ ಗಡಿಯೊಳಗೆ ಬೇಕು.

ಹನ್ನೊಂದು ಗಂಟೆ ದಾಟಿದ ಮೇಲೆ ನೀರು ನಿಂತಲ್ಲೇ ನಿಂತಿತು. ಆ ಬಿಡುವಿನಲ್ಲಿ ಮಾರ್ಗದರ್ಶಿ ರೇಲ್‌ನ ಕಷ್ಟಗಳನ್ನು ಒಂದೊಂದಾಗಿ ಹೇಳಿದರು. ಚಿನ್ನದ ಬೆನ್ನು ಹತ್ತಿ ಬಂದ ಜನ ಇವುಗಳನ್ನು ಹೊಡೆದು ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲುಗಳಿಗೆ ಮಾರಿದ್ದು ಮೊದಲನೆಯದು. ಅಟ್ಲಾಂಟಿಕ್ ಕಡೆಯಿಂದ ಸಿಂಪಿಗಳ ಜೊತೆ ಬಂದು ಸೇರಿಕೊಂಡ ಒಂದು ಜಾತಿಯ ಕಲ್ವಗಳು ಇನ್ನೊಂದು. ಕೆಸರಿನಲ್ಲಿ ಬಾಯಿ ತೆರೆದು ಹೂತಿರುವ ಈ ಚಿಪ್ಪಿನೊಳಗೆ ರೇಲ್‌ನ ಬೆರಳೋ ಕೊಕ್ಕೋ ಸಿಕ್ಕಿದರೆ ಚಿಪ್ಪು ಮುಚ್ಚಿಕೊಳ್ಳುತ್ತದೆ. ಬಿಡಿಸಿಕೊಂಡರೆ ಬೆರಳು ಹೋಗುತ್ತದೆ, ಬಿಡಿಸಿಕೊಳ್ಳದಿದ್ದರೆ ಭರತ ಬರುತ್ತದೆ. ಹೊರಗಿನಿಂದ ಬಂದ ಕೆಂಪು ನರಿ ಕಟ್ಟೆಗಳನ್ನೇ ಹೆದ್ದಾರಿ ಮಾಡಿಕೊಂಡು ಒಳಗೆ ನುಗ್ಗಿತು. 1990ರ ದಶಕದ ಆರಂಭದಲ್ಲಿ ಇಡೀ ಕೊಲ್ಲಿಯಲ್ಲಿ ಉಳಿದದ್ದು ಐನೂರರ ಆಸುಪಾಸು. ನರಿ ಹಿಡಿಯುವ ಕೆಲಸ ಶುರುವಾದ ಮೇಲೆ ಸಂಖ್ಯೆ ಚೇತರಿಸಿಕೊಂಡಿತು.

ಎಲ್ಲಕ್ಕಿಂತ ವಿಚಿತ್ರ ಹುಲ್ಲಿನ ಕತೆ. 1970ರ ದಶಕದಲ್ಲಿ ಜವುಗು ಬೆಳೆಸುವ ಉತ್ಸಾಹದಲ್ಲಿ ಸೇನೆಯ ಎಂಜಿನಿಯರುಗಳು ಅಟ್ಲಾಂಟಿಕ್ ತೀರದ ಸ್ಪಾರ್ಟಿನಾ ಹುಲ್ಲನ್ನು ತಂದು ನೆಟ್ಟರು. ಅದು ಸ್ಥಳೀಯ ಹುಲ್ಲಿನೊಂದಿಗೆ ಬೆರೆತು ಹುಟ್ಟಿದ ಮಿಶ್ರತಳಿ ಎತ್ತರಕ್ಕೆ, ದಟ್ಟವಾಗಿ, ತೆರೆದ ಕೆಸರು ಬಯಲಿಗೂ ನುಗ್ಗಿತು. ಗೊರವಗಳ ಅನ್ನದ ತಟ್ಟೆಗೆ ಕಲ್ಲು ಬಿತ್ತು. ಹುಲ್ಲು ತೆಗೆಯಬೇಕೆಂದು 2000ದ ದಶಕದಲ್ಲಿ ಔಷಧಿ ಹೊಡೆದರು. ಹೊಡೆದ ಮೇಲೆ ರೇಲ್‌ಗಳ ಸಂಖ್ಯೆ ಕುಸಿಯಿತು. ಏಕೆಂದರೆ ದಿಬ್ಬ ಕಳೆದುಕೊಂಡ ರೇಲ್‌ಗೆ ಭರತದ ದಿನ ಮರೆ ಕೊಡುತ್ತಿದ್ದುದು ಆ ಪರದೇಶಿ ಹುಲ್ಲೇ ಆಗಿತ್ತು! ಕೊನೆಗೆ ಕೆಲವು ಕಡೆ ಔಷಧಿ ನಿಲ್ಲಿಸಬೇಕಾಯಿತು. ಓಕ್ಲೆಂಡಿನ ಜವುಗೊಂದರಲ್ಲಿ ಮೇಲೆ ಚಪ್ಪರ ಕಟ್ಟಿದ ತೇಲುವ ತೆಪ್ಪಗಳನ್ನು ಇಟ್ಟರು. ಭರತದ ಹೊತ್ತಿಗೆ ರೇಲ್‌ಗಳು ಅದರ ಮೇಲೆ ಹತ್ತಿ ಕುಳಿತವಂತೆ. ಎತ್ತರವಾಗಿ ಬೆಳೆಯುವ ನಾಡಿನ ಪೊದೆಗಳನ್ನು ಸ್ವಯಂಸೇವಕರು ಈಗ ಕಾಲುವೆ ಅಂಚಿನಲ್ಲಿ ನೆಡುತ್ತಿದ್ದಾರೆ.

ಸಮುದ್ರವಂತೂ ಕಾಯುವುದಿಲ್ಲ. ಗೋಲ್ಡನ್ ಗೇಟ್ ಬಳಿ 1854ರಿಂದ ನೀರಿನ ಮಟ್ಟ ಅಳೆಯುತ್ತ ಬಂದಿದ್ದಾರೆ. ಕಳೆದ ನೂರು ವರ್ಷದಲ್ಲಿ ಎಂಟು ಅಂಗುಲದಷ್ಟು ಏರಿದೆ. ಕಿಂಗ್ ಟೈಡ್ ದಿನ ಜನ ಎಲ್ಲೆಲ್ಲಿ ನೀರು ಬಂತೆಂದು ಫೋಟೊ ತೆಗೆದು ಕಳಿಸಬೇಕೆಂದು ಕ್ಯಾಲಿಫೋರ್ನಿಯಾದ ಕರಾವಳಿ ಆಯೋಗ ಕೇಳಿಕೊಳ್ಳುತ್ತದೆ. ಇಂದು ವರ್ಷಕ್ಕೊಮ್ಮೆ ಬರುವ ಮಟ್ಟ ಮುಂದೆ ಮಾಮೂಲಿ ಆಗಲಿದೆ ಎಂಬುದು ಅವರ ಲೆಕ್ಕ.

ವಾಪಸು ಬರುವಾಗ ಕಟ್ಟೆಯ ಬದಿಯ ಪೊದೆಯಲ್ಲಿ ಎರಡನೆಯ ರೇಲ್ ಕಂಡಿತು, ದಾರಿಗೆ ಮೂರೇ ಅಡಿ ದೂರ. ಗುಂಪು ಹೇಳದೆಯೇ ಹಿಂದಕ್ಕೆ ಸರಿಯಿತು. ಅದೇ ಹೊತ್ತಿಗೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ಓಡುತ್ತ ಬಂದವನೊಬ್ಬನನ್ನು ಮಾರ್ಗದರ್ಶಿ ಎರಡೂ ಕೈ ಚಾಚಿ ತಡೆದರು. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ನಿಂತ. ಅವನಿಗೆ ಬೈನಾಕ್ಯುಲರ್ ಕೊಟ್ಟರು. ಒಂದು ನಿಮಿಷ ನೋಡಿ, ಕೊಟ್ಟು, ಬೇರೆ ದಾರಿ ಹಿಡಿದು ಓಡಿದ. ಈ ನಡಿಗೆ ಇರಬೇಕೇ ಬೇಡವೇ ಎಂದು ನನ್ನನ್ನು ಕೇಳಿದರೆ, ಈ ಒಬ್ಬನ ಸಲುವಾಗಿಯಾದರೂ ಇರಲಿ ಎನ್ನುತ್ತೇನೆ. ಗುಂಪಿಲ್ಲದಿದ್ದರೂ ಜನ ಬರುತ್ತಾರೆ, ಕ್ಯಾಮೆರಾ ತರುತ್ತಾರೆ, ತಡೆಯಲು ಮಾತ್ರ ಯಾರೂ ಇರುವುದಿಲ್ಲ.

ಕಾರಿನಲ್ಲಿ ಭಾವ ಮಾತಾಡಲಿಲ್ಲ. ಅವರು ಸುರತ್ಕಲ್ಲಿನಲ್ಲಿ ಸಿವಿಲ್ ಓದಿ ಆಮೇಲೆ ಸಾಫ್ಟ್‌ವೇರಿಗೆ ಹಾರಿದವರು. ಇಂಥ ಮೌನ ಬಂತೆಂದರೆ ಒಳಗೆ ಲೆಕ್ಕ ನಡೆಯುತ್ತಿದೆ ಎಂದರ್ಥ. ಫಾಸ್ಟರ್ ಸಿಟಿ ಎಂಬ ಊರೇ 1960ರ ದಶಕದಲ್ಲಿ ಕೊಲ್ಲಿಯ ಜವುಗಿಗೆ ಮಣ್ಣು ತುಂಬಿ ಎಬ್ಬಿಸಿದ್ದು. ಸುತ್ತಲಿನ ಕಟ್ಟೆ ಸಾಲದೆಂದು 2018ರಲ್ಲಿ ಜನರೇ ಮತ ಹಾಕಿ ಒಂಬತ್ತು ಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಕೊಂಡರು. ಈಗ ಊರ ಸುತ್ತ ಉಕ್ಕಿನ ಹಲಗೆ ಹೂತು ಎತ್ತರಿಸಿದ ಗೋಡೆಯಿದೆ. ಮನೆಗೆ ಹೋಗುವ ಮೊದಲು ಭಾವ ಕಾರನ್ನು ಗೋಡೆಯ ಹತ್ತಿರ ನಿಲ್ಲಿಸಿದರು. ಆಚೆ ಇಳಿಯುತ್ತಿದ್ದ ನೀರು, ಈಚೆ ಮನೆಗಳ ಹೆಂಚು.

ಮನೆಗೆ ಬಂದವರೇ ಕಾಗದ ಪೆನ್ಸಿಲ್ ಹಿಡಿದರು. ಕಡಿದಾದ ಕಟ್ಟೆಯ ಬದಲು ಕೊಲ್ಲಿಯ ಕಡೆ ಉದ್ದನೆಯ ಇಳಿಜಾರು ಕೊಟ್ಟು ಗಿಡ ಬೆಳೆಸುವ ಪ್ರಯೋಗ ಕೊಲ್ಲಿಯ ಸುತ್ತ ನಡೆದಿದೆ. ಪಾಲೊ ಆಲ್ಟೊದಲ್ಲಿಯೂ ಕೊಳಚೆ ಘಟಕದ ಶುದ್ಧ ಮಾಡಿದ ನೀರನ್ನೇ ಹರಿಸಿ ಅಂಥದೊಂದು ಮಾಡುವ ಯೋಜನೆಯಿದೆ ಎಂದು ಮಾರ್ಗದರ್ಶಿ ಹೇಳಿದ್ದರು. ಇಳಿಜಾರು ಮೂವತ್ತಕ್ಕೆ ಒಂದು. ಅಂದರೆ ಹತ್ತಡಿ ಎತ್ತರದ ಕಟ್ಟೆಗೆ ಮುನ್ನೂರಡಿ ಅಗಲ.

“ಮುನ್ನೂರಡಿ ಕೊಲ್ಲಿಯ ಕಡೆ ಹೋದರೆ ಮತ್ತೆ ಕೊಲ್ಲಿ ತುಂಬಿದಂತೆ, ಕೊಲ್ಲಿ ತುಂಬುವುದನ್ನು ತಡೆಯುವ ಆಯೋಗ ಸುಲಭಕ್ಕೆ ಬಿಡುವುದಿಲ್ಲ” ಎಂದರು. “ಊರ ಕಡೆ ಬಂದರೆ ನಮ್ಮ ಮನೆ ಹೋಗುತ್ತದೆ, ಹಿಂದಿನ ಬೀದಿಯ ಎರಡು ಸಾಲೂ ಹೋಗುತ್ತದೆ.”

ಅಕ್ಕ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ತಿರುಗಿ ನೋಡಿದಳು. “ಹಾಗಿದ್ದರೆ ಅಡುಗೆಮನೆಗೆ ಹೊಸ ಗ್ರಾನೈಟ್ ಹಾಕಿಸುವುದು ಬೇಡ ಅಂತಲಾ?”

ಭಾವ ಪೆನ್ಸಿಲ್ ಕೆಳಗಿಡಲಿಲ್ಲ. ಇಳಿಜಾರನ್ನು ಇಪ್ಪತ್ತಕ್ಕೆ ಒಂದು ಮಾಡಿದರೆ ಎಷ್ಟು ಮನೆ ಉಳಿಯುತ್ತದೆ ಎಂದು ಮತ್ತೊಮ್ಮೆ ಗುಣಿಸತೊಡಗಿದರು.